ನೀಲಿ ನಲ್ಲಿಯ ಬಿಸಿನೀರು

ಮೊಮ್ಮಗಳ ಸ್ನಾನದ ಆ ಬೆಳಿಗ್ಗೆ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಟ್ಟಡದ ಪಂಪು ನಿಂತು ನಲ್ಲಿ ಬರೀ ಗಾಳಿ ಊದಬಹುದಿತ್ತು. ಕರೆಂಟು ಹೋಗಬಹುದಿತ್ತು. ದುಬೈಯಲ್ಲಿ ಕರೆಂಟು ಹೋಗುವುದಿಲ್ಲ, ನಿಜ. ಹೋಗದ ಊರಿನಲ್ಲಿ ಹೋದರೆ ಏನು ಗತಿ ಎಂಬುದೇ ನನ್ನ ಚಿಂತೆ. ಬಚ್ಚಲಿನ ಟೈಲ್ಸ್ ಮೇಲೆ ಎಣ್ಣೆ ಚೆಲ್ಲಿ ಯಾರಾದರೂ ಜಾರಬಹುದಿತ್ತು. ಮಗುವಿನ ತಲೆಗೂದಲಿಗೆ ಹಿಡಿಯುವ ಲೋಬಾನದ ಹೊಗೆಗೆ ಫೈರ್ ಅಲಾರಂ ಕೂಗಿ, ಆರು ಮಹಡಿಯ ಜನ ಮೆಟ್ಟಿಲಿಳಿದು ಆಗಸ್ಟಿನ ಬಿಸಿಲಲ್ಲಿ ನಿಂತು ನಮ್ಮನ್ನು ಶಪಿಸಬಹುದಿತ್ತು. ಅಕ್ಕನ ಮಣಿಕಟ್ಟು ಕೈಕೊಡಬಹುದಿತ್ತು. ಮಗಳು ಕೊನೆಯ ಕ್ಷಣದಲ್ಲಿ ‘ಬೇಡ’ ಎಂದುಬಿಡಬಹುದಿತ್ತು.

ಇವ್ಯಾವುವೂ ಆಗಲಿಲ್ಲ. ಆದದ್ದು ಒಂದೇ ಒಂದು, ಅದೂ ಚಿಕ್ಕದು. ಮೂವತ್ತು ವರ್ಷದ ನನ್ನ ಚಿಂತಾಭ್ಯಾಸಕ್ಕೇ ಅವಮಾನವಾಗುವಂತೆ, ಅದೊಂದು ನನಗೆ ಹೊಳೆದಿರಲೇ ಇಲ್ಲ.

ನನ್ನ ಕಸುಬು ತಣ್ಣೀರು ಕಳಿಸುವುದು, ಡಿಸ್ಟ್ರಿಕ್ಟ್ ಕೂಲಿಂಗ್ ಎನ್ನುತ್ತಾರೆ. ಒಂದು ದೊಡ್ಡ ಸ್ಥಾವರದಲ್ಲಿ ನೀರನ್ನು ತಣ್ಣಗೆ ಮಾಡಿ, ನೆಲದಡಿಯ ಕೊಳವೆಗಳಲ್ಲಿ ಗೋಪುರದಂಥ ಕಟ್ಟಡಗಳಿಗೆ ಹರಿಸುತ್ತೇವೆ. ಅಲ್ಲಿಯ ಜನ ಅದರ ತಂಪಿನಲ್ಲಿ ಹೊದ್ದು ಮಲಗುತ್ತಾರೆ. ನಾನು ಮಾತ್ರ ಕರಾಮದ ಹಳೆಯ ಫ್ಲ್ಯಾಟಿನಲ್ಲಿ, ಕೆಮ್ಮುವ ಕಿಟಕಿ ಎ.ಸಿ.ಯ ಕೆಳಗೆ ಬೆವರುತ್ತೇನೆ. ಇದರಲ್ಲಿ ದುಃಖವೇನಿಲ್ಲ. ಮಿಠಾಯಿ ಅಂಗಡಿಯವನ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವುದಿಲ್ಲವೇ, ಹಾಗೆ.

ಈ ಕಸುಬಿನ ವಂಶವೃಕ್ಷ ಹುಡುಕುತ್ತಾ ಹೋದರೆ ಮೂಲಪುರುಷನ ಜಾಗದಲ್ಲಿ ಸಿಗುವುದು ಬಿಸಿನೀರು. ಊರಿಗೆಲ್ಲ ಒಂದೇ ಕಡೆಯಿಂದ ಶಾಖ ಹಂಚುವ ಉಪಾಯ ಹೊಳೆದದ್ದು ಚಳಿಯಲ್ಲಿ ನಡುಗುವವರಿಗೆ. ಫ್ರಾನ್ಸಿನ ಬೆಟ್ಟಗಳ ನಡುವೆ, ಹೆಸರಿನಲ್ಲೇ ಬಿಸಿನೀರನ್ನಿಟ್ಟುಕೊಂಡ ಒಂದು ಪುಟ್ಟ ಊರಿದೆಯಂತೆ. ಅಲ್ಲಿ ನೆಲದಿಂದ ಕುದಿಯುತ್ತಾ ಉಕ್ಕುವ ಬುಗ್ಗೆಯನ್ನು ನೂರಾರು ವರ್ಷಗಳ ಹಿಂದೆಯೇ ಮರದ ಕೊಳವೆಗಳಲ್ಲಿ ಮನೆಮನೆಯ ನೆಲಹಾಸಿನ ಕೆಳಗೆ ಹರಿಸಿದರು. ಬೇಸಿಗೆ ಬಂದಾಗ ಹೊಳೆಗೆ ತಿರುಗಿಸಿಬಿಡುತ್ತಿದ್ದರು ಎಂದು ಓದಿದ ನೆನಪು. ಆ ಮರದ ಕೊಳವೆಗಳನ್ನು ನೆನೆದಾಗಲೆಲ್ಲ ನನಗೆ ಅಲ್ಲಿಯೂ ನನ್ನಂಥವನೊಬ್ಬ ಕಾಣಿಸುತ್ತಾನೆ. ‘ಎಲ್ಲೋ ಸೋರುತ್ತಿದೆ, ನನಗೆ ಕೇಳಿಸುತ್ತಿದೆ’ ಎಂದು ನೆಲಕ್ಕೆ ಕಿವಿಯಿಟ್ಟು, ಹೆಂಡತಿಯಿಂದ ಬೈಸಿಕೊಳ್ಳುತ್ತಿರುವವನು.

ಐಸ್‌ಲ್ಯಾಂಡಿನ ರಾಜಧಾನಿಯಲ್ಲಿ ಹೆಂಗಸರು ಒಗೆಯುವ ಬಟ್ಟೆ ಹೊತ್ತು ನಡೆದು ಹೋಗುತ್ತಿದ್ದ ಬಿಸಿಬುಗ್ಗೆಗಳಿದ್ದವು. ಬಹಳ ಕಾಲ ಜನ ಬಿಸಿನೀರಿದ್ದಲ್ಲಿಗೆ ನಡೆದರು. ಆಮೇಲೆ ಬಿಸಿನೀರೇ ಜನರಿದ್ದಲ್ಲಿಗೆ ಕೊಳವೆಯಲ್ಲಿ ಬಂತು, ಮೊದಮೊದಲು ಒಂದು ಶಾಲೆಗೆ, ಒಂದು ಆಸ್ಪತ್ರೆಗೆ, ಈಜುಕೊಳಕ್ಕೆ. ಡೆನ್ಮಾರ್ಕಿನ ಒಂದು ಪಟ್ಟಣದವರು ಊರ ಕಸ ಸುಟ್ಟು, ಆ ಶಾಖವನ್ನು ಸುರಂಗದಲ್ಲಿ ಸಾಗಿಸಿದರು. ಯಾರಿಗೆ? ರೋಗಿಗಳಿಗೆ, ಅನಾಥ ಮಕ್ಕಳಿಗೆ, ಗತಿಯಿಲ್ಲದವರಿಗೆ. ನನ್ನ ಕಸುಬಿನ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಪುಟ ಅದು. ನಮ್ಮ ತಣ್ಣೀರು ಮೊದಲು ಹೋದದ್ದು ಎಲ್ಲಿಗೆ ಎಂದು ನಾನು ವಿಚಾರಿಸಲು ಹೋಗಿಲ್ಲ.

ಪುಸ್ತಕಗಳು ಬರೆಯದ ಇನ್ನೊಂದು ವ್ಯವಸ್ಥೆಯೂ ಇತ್ತು. ಕುಂದಾಪುರದಲ್ಲಿ ನಾವಿದ್ದ ವಠಾರಕ್ಕೆ ನಾಲ್ಕು ಮನೆ, ಬಚ್ಚಲು ಒಂದೇ, ಅದರಲ್ಲಿ ಹೂತಿಟ್ಟ ತಾಮ್ರದ ಹಂಡೆಯೂ ಒಂದೇ. ಬೆಂಕಿ ಒಬ್ಬರದು, ತೆಂಗಿನ ಸಿಪ್ಪೆ ಇನ್ನೊಬ್ಬರದು, ನೀರು ಸೇದುವ ಸರದಿ ಮತ್ತೊಬ್ಬರದು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೋ ಅವರಿಗೆ ಮೊದಲ ನೀರು. ಕೊಳವೆಗಳ ಜಾಗದಲ್ಲಿ ನಾವೇ ಇದ್ದೆವು, ಕೊಡ ಹಿಡಿದು ಓಡುವ ಮಕ್ಕಳು. ದಾರಿಯಲ್ಲಿ ಚೆಲ್ಲುತ್ತಿದ್ದೆವು; ಮರದ ಕೊಳವೆಯೂ ಚೆಲ್ಲುತ್ತಿತ್ತು ತಾನೆ.

ಆ ಬಚ್ಚಲಿನ ಯಜಮಾನಿ ನನ್ನ ಅಕ್ಕ, ರತ್ನಕ್ಕ. ಕಾಲು ಚಾಚಿ ಮಣೆಯ ಮೇಲೆ ಕೂತು, ಕಣಕಾಲುಗಳ ಮೇಲೆ ಎಳೆಮಗುವನ್ನು ಬೋರಲು ಮಲಗಿಸಿ ನೀರು ಹೊಯ್ಯುವುದರಲ್ಲಿ ನಮ್ಮ ಬಳಗದಲ್ಲೇ ಅವಳಿಗೆ ಎಣೆಯಿರಲಿಲ್ಲ. ನನ್ನ ಮಗಳು ದೀಕ್ಷಾಳನ್ನು ಮೀಯಿಸಿದವಳೂ ಅವಳೇ. ಆದರೆ ಹೋದ ವರ್ಷ ಅಂಗಳದಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಕೈಯಲ್ಲಿ ಒಂದು ಸಣ್ಣ ನಡುಕ ಮಾತ್ರ ಉಳಿಯಿತು. ಅಂದಿನಿಂದ ಬಳಗದಲ್ಲಿ ಎರಡು ಮಕ್ಕಳು ಹುಟ್ಟಿದವು, ಯಾರೂ ಅವಳನ್ನು ಕರೆಯಲಿಲ್ಲ. ‘ಪಾಪ, ಅವರಿಗೆ ಯಾಕೆ ತೊಂದರೆ’ ಎಂದರು. ಅಷ್ಟು ಮರ್ಯಾದೆಯಿಂದ ಹೇಳಿದ ಮಾತಿಗೆ ಅವಳು ಜಗಳವಾಡುವಂತೆಯೂ ಇರಲಿಲ್ಲ.

ದೀಕ್ಷಾ ಅಬುಧಾಬಿಯ ಖಾಲಿದಿಯಾದಿಂದ ಬಾಣಂತನಕ್ಕೆ ನಮ್ಮ ಮನೆಗೆ ಬಂದಾಗ, ರತ್ನಕ್ಕ ಯಾರ ಕರೆಗೂ ಕಾಯದೆ ವಿಸಿಟ್ ವೀಸಾದಲ್ಲಿ ಬಂದಿಳಿದಳು, ಮರದ ಮಣೆಯನ್ನು ಸೀರೆಗಳ ನಡುವೆ ಸುತ್ತಿಕೊಂಡು. ದೀಕ್ಷಾ ಮಣೆ ನೋಡಿದಳು, ಅಕ್ಕನ ಕೈ ನೋಡಿದಳು, ನನ್ನನ್ನು ಅಡುಗೆಮನೆಗೆ ಎಳೆದಳು. “ಪಪ್ಪಾ, ಐ ಲವ್ ಹರ್. ಆದ್ರೆ ಆ ಕೈ ಶೇಕ್ ಆಗ್ತದೆ. ಒಂದು ದಿನ ನೋಡುವ. ಸರಿ ಹೋಗದಿದ್ರೆ ಖಲಾಸ್, ನೀವೇ ಅವರಿಗೆ ಹೇಳಬೇಕು.”

ಹೇಳಬೇಕಾದವನು ನಾನು! ಹಾಗಾಗಿ ಆ ಒಂದು ಸ್ನಾನದ ಮೇಲೆ ನಿಂತದ್ದು ಮಗುವಿನ ಮೈಕೊಳೆಯಷ್ಟೇ ಅಲ್ಲ. ಅದು ಕೆಟ್ಟರೆ ರತ್ನಕ್ಕ ಆ ಮಣೆಯನ್ನು ಮತ್ತೆ ಸೀರೆಯಲ್ಲಿ ಸುತ್ತುತ್ತಿದ್ದಳು, ಮುಂದೆಂದೂ ಬಿಚ್ಚುತ್ತಿರಲಿಲ್ಲ.

ಇಲ್ಲಿ ಕೊಲ್ಲಿಯ ಬೇಸಿಗೆಯ ಬಚ್ಚಲುಶಾಸ್ತ್ರವನ್ನು ಸ್ವಲ್ಪ ವಿವರಿಸಬೇಕು. ತಾರಸಿಯ ಮೇಲಿನ ಟ್ಯಾಂಕು ಬಿಸಿಲಿಗೆ ಕಾದು ಹಂಡೆಯೇ ಆಗುವುದರಿಂದ, ಏಪ್ರಿಲ್ ಕಳೆದರೆ ನೀಲಿ ಗುರುತಿನ ತಣ್ಣೀರು ನಲ್ಲಿಯಲ್ಲಿ ಕೈ ಚುರುಕ್ಕೆನ್ನುವ ನೀರು ಬರುತ್ತದೆ. ಆಗ ನಾವು ಗೀಸರಿನ ಸ್ವಿಚ್ ಆರಿಸುತ್ತೇವೆ. ಮನೆಯೊಳಗೆ, ಎ.ಸಿ.ಯ ನೆರಳಿನಲ್ಲಿ ಗೀಸರಿನ ಹೊಟ್ಟೆಯ ನೀರು ನಿಧಾನವಾಗಿ ಆರಿ, ಕೆಂಪು ಗುರುತಿನ ನಲ್ಲಿಯಲ್ಲಿ ತಂಪಾಗಿ ಇಳಿಯುತ್ತದೆ. ನೀಲಿ ಎಂದರೆ ಬಿಸಿ, ಕೆಂಪು ಎಂದರೆ ತಂಪು. ಹೊಸಬರಿಗೆ ಇದನ್ನು ಕಲಿಸುವಾಗ ನಮಗೊಂದು ಗುರುತ್ವ ಬರುತ್ತದೆ. ನಾನಂತೂ ರತ್ನಕ್ಕನಿಗೆ ಮೂರು ಸಲ ಪಾಠ ಮಾಡಿದೆ.

“ಗೊತ್ತಾಯ್ತ್ ಮಾರಾಯ,” ಎಂದಳು. “ಈ ಊರಂಗೆ ನಲ್ಲಿಗೂ ತಲಿ ತಿರ್ಗಿತ್, ಅಷ್ಟೇ ಅಲ್ದಾ?”

ಆ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದೆ. ಟೈಲ್ಸ್ ಒರೆಸಿದೆ. ಅಲಾರಂ ಕೆಳಗೆ ಹೊಗೆ ಚದುರಿಸಲು ಇಟ್ಟ ಫ್ಯಾನು ನೋಡಿದೆ. ಅಷ್ಟರಲ್ಲಿ ಹೊಸ ಚಿಂತೆಯೊಂದು ಎದ್ದಿತು: ಪಂಪು ನಿಂತರೆ ಬಿಸಿನೀರಿಗೆ ಏನು ಮಾಡುವುದು? ಬಾಣಂತಿಯ ಮನೆ. ಇರಲಿ ಒಂದು ಸಂಗ್ರಹ ಎಂದು ಗೀಸರಿನ ಸ್ವಿಚ್ ಒತ್ತಿದೆ. ಕೆಂಪು ದೀಪ ಹತ್ತಿಕೊಂಡಿತು. ಎಷ್ಟು ಸಮಾಧಾನವಾಯಿತು ಎಂದರೆ ಎರಡನೇ ಕಾಫಿ ಕುಡಿದೆ.

ಎಣ್ಣೆ ತಿಕ್ಕಿಸಿಕೊಂಡು ಹೊಳೆಯುತ್ತಿದ್ದ ಮೊಮ್ಮಗಳನ್ನು ದೀಕ್ಷಾ ತಂದಳು. ರತ್ನಕ್ಕ ಮಣೆಯ ಮೇಲೆ ಕಾಲು ಚಾಚಿದಳು. ನೀಲಿ ನಲ್ಲಿಯಿಂದ ಬಕೆಟ್ಟಿಗೆ ಬಿಸಿನೀರು ಬಂತು. ಬೆರೆಸಲು ಕೆಂಪು ನಲ್ಲಿ ತಿರುಗಿಸಿದಳು. ಹೊಗೆಯಾಡುತ್ತಾ ಅದಕ್ಕಿಂತ ಬಿಸಿಯಾದ ನೀರು ಬಂತು.

“ಇದೆಂತದಾ?” ಎಂದಳು ರತ್ನಕ್ಕ. “ನಿನ್ ಪಾಠದೊಳ್ಗೆ ಇದ್ ಇರ್ಲಿಲ್ಲೆ.”

ನನ್ನ ಹೆಂಡತಿ ಸುಮಿತ್ರಾ ಸ್ವಿಚ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಇಡೀ ನಗರಕ್ಕೆ ತಣ್ಣೀರು ಕಳಿಸುವ ಮನುಷ್ಯನ ಮನೆಯಲ್ಲಿ, ಮಗುವಿನ ಸ್ನಾನದ ಹೊತ್ತಿಗೆ, ಒಂದು ಚೊಂಬು ತಣ್ಣೀರಿರಲಿಲ್ಲ. ಫ್ರಿಜ್ಜಿನ ಐಸ್ ಹಾಕೋಣವೇ ಎಂದೆ. ಮೂವರು ಹೆಂಗಸರು ಒಟ್ಟಿಗೆ ತಿರುಗಿದ ರೀತಿಗೆ ನಾನು ಬಾಗಿಲಾಚೆಗೆ ಬಂದಿದ್ದೆ.

ಎದುರು ಮನೆಯ ಭಟ್ಕಳದ ನಸೀಮಾ ಬಾಗಿಲು ತೆರೆದಳು. ವಿಷಯ ಕೇಳಿ ಕೈ ಹಣೆಗಿಟ್ಟಳು. “ಯಾ ಅಲ್ಲಾ! ಭಾಯಿ, ಆಗಸ್ಟಲ್ಲಿ ಗೀಸರ್ ಯಾರು ಹಾಕ್ತಾರೆ? ನಮ್ದು ರಮಝಾನ್ ಮುಗಿದ ಮೇಲೆ ಬಂದ್. ಬಕೆಟ್ ತನ್ನಿ, ಯಲ್ಲಾ!”

ಅವಳ ಗೀಸರಿನ ತಂಪು ನೀರು ಒಂದು ಬಕೆಟ್ ತುಂಬಿತು. ಕೆಳಗಿನ ಮಹಡಿಯ, ಹೋಟೆಲಿನಲ್ಲಿ ಕೆಲಸ ಮಾಡುವ ಮಂಗಳೂರಿನ ಫೆಲಿಕ್ಸ್ ಗದ್ದಲ ಕೇಳಿ ಮೇಲೆ ಬಂದವನು ಹಾಗೇ ಇಳಿದು ಹೋಗಿ ಇನ್ನೊಂದು ಬಕೆಟ್ ತಂದ. ಕಾರಿಡಾರಿನುದ್ದಕ್ಕೂ ಚೆಲ್ಲುತ್ತಾ ಕೂಗಿದ: “ದಾರಿ ಬಿಡಿ, ದಾರಿ ಬಿಡಿ! ಇಂಜಿನಿಯರ್ ಸಾಹೇಬ್ರ ಮನೆಗೆ ಡಿಸ್ಟ್ರಿಕ್ಟ್ ಕೂಲಿಂಗ್ ಬಂತು!”

ರತ್ನಕ್ಕ ನೀರು ಬೆರೆಸಿ ಮೊಣಕೈ ಅದ್ದಿ ನೋಡಿದಳು. ಸರಿಯಾಗಿದೆ ಎಂದಳು. ದೀಕ್ಷಾ ತನ್ನ ಹಳದಿ ಬಾತುಕೋಳಿಯ ಥರ್ಮಾಮೀಟರನ್ನು ತೇಲಿಬಿಟ್ಟಳು. ಅದು ಇನ್ನೂ ಬಿಸಿ ಎಂದಿತು. ಇನ್ನೇನು ಮಹಾಯುದ್ಧ ಎಂದುಕೊಂಡೆ. ರತ್ನಕ್ಕ ಬಾತುಕೋಳಿಯನ್ನು ಒಂದು ಕ್ಷಣ ನೋಡಿ, ನಸೀಮಾಳ ಬಕೆಟ್ಟಿನಿಂದ ಇನ್ನೊಂದು ಚೊಂಬು ಸುರಿದಳು. “ಆಯ್ಲಿ, ಅದ್ರ ಮಾತೂ ಕೇಂಬ. ಅದೂ ನೀರೊಳ್ಗೇ ಇಪ್ದಲ್ದಾ.”

ದೀಕ್ಷಾ ಮಣೆಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಮಗುವನ್ನು ರತ್ನಕ್ಕನ ಕಾಲುಗಳ ಮೇಲೆ ಮಲಗಿಸಿದಳು, ತನ್ನ ಅಂಗೈಯನ್ನು ಅಕ್ಕನ ನಡುಗುವ ಮಣಿಕಟ್ಟಿನ ಕೆಳಗೆ ಇಟ್ಟಳು. ಮೊದಲ ನೀರು ಬಿತ್ತು. ಮಗು ಮುಖ ಸಿಂಡರಿಸಿತು, ಅಳುವುದೋ ಬೇಡವೋ ಎಂದು ಯೋಚಿಸಿತು; ಈ ಯೋಚನೆಯ ಸ್ವಭಾವ ನನ್ನ ಕಡೆಯಿಂದಲೇ ಬಂದದ್ದಿರಬೇಕು. ರತ್ನಕ್ಕ ಹಳೆಯ ರಾಗದಲ್ಲಿ ‘ಹೂಂ ಹೂಂ’ ಎನ್ನುತ್ತಾ ಬೆನ್ನಿನ ಮೇಲೆ ಕೈಯಾಡಿಸಿದಳು. ಕೈ ನಡುಗುತ್ತಲೇ ಇತ್ತು. ಆ ನಡುಕಕ್ಕೆ ಮಗು ಕಣ್ಣು ಅರೆಮುಚ್ಚಿ, ತುಟಿ ಸಡಿಲಿಸಿತು, ಯಾರೋ ತೊಟ್ಟಿಲು ತೂಗುತ್ತಿದ್ದಾರೇನೋ ಎಂಬಂತೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ, ದೀಕ್ಷಾಳ ಅಂಗೈ ಅಕ್ಕನ ಮಣಿಕಟ್ಟಿನ ಕೆಳಗಿನಿಂದ ಯಾವಾಗ ಸರಿಯಿತೋ ತಿಳಿಯಲಿಲ್ಲ. ನೋಡಿದರೆ ಅದರಲ್ಲಿ ಚೊಂಬು ಇತ್ತು. ಅವಳು ನೀರು ಎತ್ತಿ ಕೊಡುತ್ತಿದ್ದಳು, ಅಕ್ಕ ಹೊಯ್ಯುತ್ತಿದ್ದಳು.

ಟವೆಲಿನಲ್ಲಿ ಸುತ್ತಿದ ಮಗುವನ್ನು ಎದೆಗೊತ್ತಿಕೊಂಡು ಏಳುವಾಗ ದೀಕ್ಷಾ ಕೇಳಿದಳು, “ಟುಮಾರೋ ಸೇಮ್ ಟೈಮ್, ಅತ್ತೆ?”

ರತ್ನಕ್ಕ ಮಣೆಯನ್ನು ತೊಳೆದಳು, ಒರೆಸಿದಳು, ಪೆಟ್ಟಿಗೆಯತ್ತ ಒಯ್ಯದೆ ಬಚ್ಚಲಿನ ಮೂಲೆಗೇ ಆನಿಸಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

“ನಾಳಿಗೂ ನೀನ್ ಬೇಗ ಏಳ್, ಅಡ್ಡಿಲ್ಲೆ,” ಎಂದಳು. “ಚಿಂತಿ ಎಷ್ಟ್ ಬೇಕಾರೂ ಮಾಡ್. ಸ್ವಿಚ್ಚೊಂದ್ ಮುಟ್ಬೇಡ.”