ಲಾಬಿಯಲ್ಲಿ ಲುಂಗಿ

ಮೊನ್ನೆ ಪುತ್ತೂರಿನ ಹೊಸ ಹೋಟೆಲೊಂದರಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಅಲ್ಲಿಟ್ಟಿದ್ದ ಸಾಬೂನಿಗೆ ನಿಂಬೆಯಂತೆ ಘಮಿಸುವ ಮಜ್ಜಿಗೆಹುಲ್ಲಿನ ಪರಿಮಳ. ಮೂಗಿಗೆ ಬಡಿದದ್ದೇ ತಡ, ನನ್ನ ಕಿವಿ ಬಿಸಿಯಾಯಿತು. ಆ ಹುಲ್ಲಿನ ಕಷಾಯ ಕುಡಿದರೆ ತಲೆನೋವು ಹೋಗುತ್ತದೆ ಎನ್ನುತ್ತಾರೆ. ನನಗೆ ಅದರ ವಾಸನೆಯಿಂದ ಮಾನ ಹೋದದ್ದು ನೆನಪಾಗುತ್ತದೆ. ಯಾಕೆಂದು ಹೇಳುತ್ತೇನೆ, ನಗುವುದಾದರೆ ಧಾರಾಳವಾಗಿ ನಗಿ.

ಸುಳ್ಯದಲ್ಲಿ ನನ್ನದೊಂದು ಪಾತ್ರೆ ಅಂಗಡಿಯಿದೆ. ಕೆಲವು ವರ್ಷಗಳ ಹಿಂದೆ ನನ್ನ ಅತ್ತೆ ತೀರಿಕೊಂಡರು. ಹಾಸಿಗೆ ಹಿಡಿದಿದ್ದ ಅವರನ್ನು ಕೊನೆಯವರೆಗೂ ನೋಡಿಕೊಂಡವಳು ನನ್ನ ಹೆಂಡತಿ ಸುಮತಿ. ಅಮ್ಮ ಹೋದ ಮೇಲೆ ಅವಳು ಅಳಲಿಲ್ಲ, ಮಾತು ಬಿಟ್ಟಳು. ಕೇಳಿದರೆ ಒಂದು 'ಹೂಂ', ಕೇಳದಿದ್ದರೆ ಅದೂ ಇಲ್ಲ. ದಿನವಿಡೀ ಪಾತ್ರೆಗಳ ಸದ್ದಿನಲ್ಲಿರುವ ನನಗೆ ಮನೆಯ ಆ ಮೌನ ತಡೆಯಲಾಗಲಿಲ್ಲ. ಇವಳನ್ನು ಬೆಂಗಳೂರಿಗೆ ಕರೆದೊಯ್ದು ದೊಡ್ಡ ಹೋಟೆಲಿನಲ್ಲಿ ರಾಣಿಯ ಹಾಗೆ ಇರಿಸಬೇಕೆಂದು ತೀರ್ಮಾನಿಸಿದೆ. ತೀರ್ಮಾನಿಸಿ ಸುಮ್ಮನಿದ್ದೆನೇ? ಕುಕ್ಕರಿನ ರಬ್ಬರು ಕೇಳಿ ಬಂದವರಿಗೂ ಹೋಟೆಲಿನ ಈಜುಕೊಳದ ಫೋಟೊ ತೋರಿಸಿದೆ. ನನಗೆ ಈಜು ಬರುವುದಿಲ್ಲ, ಅದು ಬೇರೆ ಮಾತು.

ನೆಟ್ಟಣದಲ್ಲಿ ರೈಲು ಹತ್ತಿ ಹೋದೆವು. ಹೋಟೆಲಿನ ಬಾಗಿಲಲ್ಲೇ ಮಜ್ಜಿಗೆಹುಲ್ಲಿನ ವಾಸನೆಯ ಒದ್ದೆ ಬಟ್ಟೆಯನ್ನು ಸುರುಳಿ ಸುತ್ತಿ ತಟ್ಟೆಯಲ್ಲಿಟ್ಟು ಕೊಟ್ಟರು. ತಿನ್ನುವುದೋ ಎಂದು ಒಂದು ಕ್ಷಣ ಸಂಶಯವಾಯಿತು. ಪಕ್ಕದವರನ್ನು ನೋಡಿ ಮುಖ ಒರೆಸಿಕೊಂಡೆ. ಕೋಣೆಯ ಕಿಟಕಿ ದೊಡ್ಡದು, ಆದರೆ ತೆರೆಯುವಂತಿಲ್ಲ. ಅದರಾಚೆ ಇನ್ನೊಂದು ಕಟ್ಟಡದ ಬೆನ್ನು. ಈಜುಕೊಳ ರಿಪೇರಿಯಲ್ಲಿತ್ತು. ಚಹಾ ಕೇಳಿದರೆ ಬಿಸಿನೀರು ಬೇರೆ, ಪುಡಿಯ ಚೀಲ ಬೇರೆ ಬಂತು.

"ಮಾಡಿ ಕೊಡುದಿಲ್ವಾ ಇವ್ರು?" ಎಂದಳು ಸುಮತಿ. ಆ ದಿನ ಅವಳಾಗಿ ಆಡಿದ ಮೊದಲ ಮಾತು ಅದು.

ಎಲ್ಲವನ್ನೂ ಮೀರಿಸಿದ್ದು ಬಚ್ಚಲು. ಕೋಣೆಗೂ ಅದಕ್ಕೂ ನಡುವೆ ಗೋಡೆಯೇ ಇಲ್ಲ, ಬರೀ ಗಾಜು! ಪರದೆ ಇಳಿಸುವ ಗುಂಡಿ ಎಲ್ಲೋ ಇದ್ದಿರಬೇಕು. ನಾನು ಒತ್ತಿದ್ದಕ್ಕೆಲ್ಲ ದೀಪ ಆರಿತು, ಟೀವಿ ಹಾಡಿತು.

"ನಂಗೆ ಸ್ನಾನ ಮಾಡ್ಲಿಕ್ಕುಂಟು, ನೀವು ಸ್ವಲ್ಪ ಹೊರಗೆ ಹೋಗಿ."

"ಮದುವೆ ಆಗಿ ಇಷ್ಟು ವರ್ಷ ಆಯ್ತಲ್ಲ ಮಾರಾಯ್ತಿ!"

"ಆದ್ರೆ ಎಂತ? ಹೋಗಿ."

ಲುಂಗಿ, ಬನಿಯನ್‌ನಲ್ಲೇ ಹೊರಬಂದೆ. ಹಿಂದಿನಿಂದ ಬಾಗಿಲು ಟಕ್ಕೆಂದು ಮುಚ್ಚಿಕೊಂಡಿತು. ಅದನ್ನು ತೆರೆಯುವ ಕಾರ್ಡು ಒಳಗೆ, ಫೋನೂ ಒಳಗೆ. ಬಡಿದೆ, ಕರೆದೆ. ನೀರಿನ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಕ್ಕಿಲ್ಲ. ಎ.ಸಿ.ಯ ಚಳಿಗೆ ನಡುಗುತ್ತ ಎಷ್ಟು ಹೊತ್ತು ನಿಲ್ಲುವುದು? ಲಿಫ್ಟಿನಲ್ಲಿ ಕೆಳಗಿಳಿದೆ.

ಲಾಬಿಯ ತುಂಬ ಯಾರದೋ ಮದುವೆಯ ಆರತಕ್ಷತೆಗೆ ಬಂದವರು, ರೇಷ್ಮೆ ಸೀರೆ, ಕೋಟು. ಕಂಬದ ಮರೆಯಲ್ಲಿ ಸರಿಯುತ್ತಿದ್ದಾಗ "ಓ ಅಣ್ಣಾ!" ಎಂಬ ಗಟ್ಟಿ ಸ್ವರ. ಜಾಲ್ಸೂರಿನ ಸುಬ್ಬಣ್ಣ! ನನ್ನ ಅಂಗಡಿಯಲ್ಲಿ ಈಜುಕೊಳದ ಫೋಟೊವನ್ನು ಕಣ್ಣರಳಿಸಿ ನೋಡಿದವ. ಅವನ ದೃಷ್ಟಿ ನನ್ನ ಲುಂಗಿಗೆ ಇಳಿದು ಅಲ್ಲೇ ನಿಂತಿತು.

"ಈಜ್ಲಿಕ್ಕೆ ಹೊರಟದ್ದಾ?"

"ಇಲ್ಲ ಮಾರಾಯ, ರಿಪೇರಿ ಉಂಟು."

"ಯಾರಿಗೆ?"

ಕೌಂಟರಿನಲ್ಲಿ ಗುರುತಿನ ಚೀಟಿ ಕೇಳಿದರು. ಲುಂಗಿಗೆ ಜೇಬಿಲ್ಲ ಎಂದೆ. ಕೊನೆಗೆ ಸುಬ್ಬಣ್ಣ ತನ್ನ ಕೋಟು ಬಿಚ್ಚಿ ನನಗೆ ತೊಡಿಸಿ, "ಇವ್ರು ನಮ್ಮ ಊರಿನ ದೊಡ್ಡ ಸಾಹುಕಾರ್ರು" ಎಂದು ಸಾಕ್ಷಿ ನುಡಿದ. ನಂಬಿದರೋ, ಮರುಗಿದರೋ, ಇನ್ನೊಂದು ಕಾರ್ಡು ಸಿಕ್ಕಿತು.

ಬಾಗಿಲು ತೆರೆದಾಗ ಸುಮತಿ ತಲೆ ಒರೆಸಿಕೊಳ್ಳುತ್ತಿದ್ದಳು. ನನ್ನ ಮೈಮೇಲೆ ಕೋಟು, ಕೆಳಗೆ ಲುಂಗಿ.

"ಎಂತದಿದು ವೇಷ?"

ನಡೆದದ್ದನ್ನು ಹೇಳತೊಡಗಿದೆ. ಸುಬ್ಬಣ್ಣನ "ಯಾರಿಗೆ?" ಬರುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಆ ಮೆತ್ತನೆಯ ಹಾಸಿಗೆಯಲ್ಲಿ ಹೂತುಹೋಗಿ ನಕ್ಕಳು. ನಗುತ್ತ ನಗುತ್ತಲೇ ಅದು ಅಳುವಾಯಿತು.

"ಅಮ್ಮ ಇರ್ತಿದ್ರೆ ಎಷ್ಟು ನಗಾಡ್ತಿದ್ರೋ" ಎಂದಳು.

ಆಮೇಲೆ ಅಮ್ಮನ ಬಗ್ಗೆ ಮಾತಾಡಿದಳು, ತಿಂಗಳುಗಟ್ಟಲೆ ಒಳಗಿಟ್ಟುಕೊಂಡದ್ದನ್ನೆಲ್ಲ. ಕೋಟು ಬಿಚ್ಚುವುದನ್ನೂ ಮರೆತು ಕೇಳುತ್ತ ಕುಳಿತೆ. ಮರುದಿನವೇ ಊರಿಗೆ ಹೊರಟೆವು.

ಮೊನ್ನೆ ಪುತ್ತೂರಿನಲ್ಲಿ ಕೈ ಒರೆಸಿಕೊಂಡು ಊಟದ ಮೇಜಿಗೆ ಮರಳಿದರೆ, ಸುಮತಿ ಜೊತೆಗಿದ್ದ ನೆಂಟರಿಗೆ ಇದೇ ಕತೆ ಹೇಳುತ್ತಿದ್ದಾಳೆ! ಅವಳ ಕತೆಯಲ್ಲಿ ನಾನು ಉಟ್ಟದ್ದು ಲುಂಗಿಯಲ್ಲ, ಮೈ ಒರೆಸುವ ಬೈರಾಸು. ಹಿಂದೆಲ್ಲ ನಾನು ಹಟ ಹಿಡಿದು ತಿದ್ದುವುದಿತ್ತು.

"ಬರೀ ಬೈರಾಸಾ?" ಎಂದು ನೆಂಟರು ನನ್ನ ಕಡೆ ತಿರುಗಿದರು.

ಸುಮತಿಯ ಮುಖ ನೋಡಿದೆ. ನಗು ಆಗಲೇ ತುಟಿಗೆ ಬಂದಿತ್ತು.

"ಹೌದು," ಎಂದೆ, "ಅದೂ ಸಣ್ಣದು."