ಹೆಸರಿಗೊಂದು ಪರದೆ

ಪುಷ್ಯದ ಮಂಜು ಇವತ್ತು ದಟ್ಟವಾಗಿ ಇಳಿದಿದೆ. ಗಣಿಯ ಕೆಂಪು ದೂಳೆಲ್ಲ ತೊಯ್ದು ನೆಲ ಹಿಡಿದು, ಹೊಸಪೇಟೆಗೆ ಅಪರೂಪಕ್ಕೊಂದು ಶುಭ್ರ ಉಸಿರು ಸಿಕ್ಕಿದೆ. ಸ್ಟೇಷನ್ ರಸ್ತೆಯ ಮಹಡಿಯೊಂದರಲ್ಲಿ ಹೊನ್ನೂರಮ್ಮ ಕಂಪ್ಯೂಟರಿಗೆ ಕೈಮುಗಿದು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಬೆಳಗಿನ ಗಂಟೆ ಆರು. ಲಾರಿ ಚಾಲಕರ ಅಪಘಾತ ವಿಮೆಯ ಸಹಾಯವಾಣಿ ಇದು.

ಸಂಡೂರಿನ ಅದಿರು ಲಾರಿಗಳು ಹೆಚ್ಚಿದಂತೆ ಕರೆಗಳೂ ಹೆಚ್ಚಿವೆ. ಇವರೊಬ್ಬರಿಗೇ ದಿನಕ್ಕೆ ತೊಂಬತ್ತು. ಪ್ರತಿ ಮಾತೂ ಬೆಂಗಳೂರಿನ ಸರ್ವರ್‌ನಲ್ಲಿ ರೆಕಾರ್ಡ್ ಆಗುತ್ತದೆ. ಗ್ರಾಹಕರು ಒಟಿಪಿಯಂಥ ಗುಟ್ಟಿನ ಸಂಖ್ಯೆ ಹೇಳುವಾಗ ಮಾತ್ರ ಕಂಪ್ಯೂಟರಿನಲ್ಲಿ ಮಾಸ್ಕ್, ಅಂದರೆ ಮಾತು ಮರೆಮಾಡುವ ಗುಂಡಿ ಒತ್ತಬೇಕು. ಕಂಪ್ಯೂಟರುಗಳು ಪರಸ್ಪರ ಮಾತಾಡಿಕೊಳ್ಳುವ ವೆಬ್ ಎಪಿಐ ಎಂಬ ದಾರಿಯಲ್ಲಿ ಆಜ್ಞೆ ಸರ್ವರ್ ತಲುಪುತ್ತದೆ. ಮತ್ತೆ ಒತ್ತುವ ತನಕ ರೆಕಾರ್ಡಿನಲ್ಲಿ ಬರೀ ಮೌನ. ಇವರ ಕಿವಿಗೆ ಮಾತ್ರ ಎಲ್ಲ ಕೇಳುತ್ತದೆ.

"ನೈವೇದ್ಯದ ಹೊತ್ತಿನ್ಯಾಗ ಪೂಜಾರಪ್ಪ ಪರದಿ ಎಳೀತಾನಲ್ರಿ, ಹಂಗ. ಎಳಿಯೂದು ಸಸಾರ, ತೆಗಿಯೂದು ಮರೀಬಾರ್ದು ನೋಡ್ರಿ," ಎನ್ನುತ್ತಾರೆ ಹೊನ್ನೂರಮ್ಮ.

ನಲವತ್ತೆಂಟರ ಹೊನ್ನೂರಮ್ಮ ದರೋಜಿಯವರು. ಕಮಲಾಪುರದ ಬಸ್ ನಿಲ್ದಾಣದ ಬಳಿ ಒಂಬತ್ತು ವರ್ಷ ಎಸ್‌ಟಿಡಿ ಬೂತ್ ನಡೆಸಿದವರು. ಎಲ್ಲರ ಕೈಗೂ ಮೊಬೈಲ್ ಬಂತು, ಬೂತ್ ಮುಚ್ಚಿತು. "ಊರ ಮಂದಿ ಗುಟ್ಟೆಲ್ಲ ಕಿವಿಗೆ ಬಿದ್ದಾವ್ರಿ. ಒಂದೂ ನನ್ನ ಬಾಯಿಗೆ ಬಂದಿಲ್ಲ."

ಅಂಥವರ ಗುಂಡಿಯನ್ನು ಎಂಟು ದಿನದ ಹಿಂದೆ ಮೇಲ್ವಿಚಾರಕ ವ್ಯಾಸರಾಜರು ಕಿತ್ತುಕೊಂಡಿದ್ದಾರೆ. ಇವರ ರೆಕಾರ್ಡುಗಳಲ್ಲಿ ಗುಟ್ಟಿನ ಸಂಖ್ಯೆಯೇ ಇಲ್ಲದ ಕಡೆಯೂ ಮೌನವಿತ್ತು. ಏನೋ ಮುಚ್ಚಿಡುತ್ತಿದ್ದಾರೆಂಬ ಅನುಮಾನ. ಕೆಲಸ ಉಳಿಯುವುದೇ ಕಷ್ಟ. ಆದರೆ ಹೊನ್ನೂರಮ್ಮ ಮುಚ್ಚಿದ್ದು ಕರೆ ಮಾಡಿದ ಹೆಂಗಸರ ಗಂಡಂದಿರ ಹೆಸರುಗಳನ್ನು ಮಾತ್ರ. ವಿಮೆದಾರನ ಹೆಸರನ್ನು ಕರೆ ಮಾಡಿದವರೇ ಹೇಳಬೇಕೆಂಬುದು ನಿಯಮ. ಹೆಸರೆತ್ತಿದರೆ ಗಂಡನ ಆಯಸ್ಸು ಕುಂದುತ್ತದೆಂದು ನಂಬಿದ ಹೆಂಗಸರಿಗೆ, ಅದು ಯಂತ್ರದಲ್ಲಿ ಉಳಿಯುತ್ತದೆಂದರೆ ಇನ್ನಷ್ಟು ಭಯ.

ಈಗ ಕರೆಯಲ್ಲಿರುವವಳು ಕಂಪ್ಲಿಯ ತಾಯಕ್ಕ. ಲಾರಿ ಮಗುಚಿ ಗಂಡನ ಕಾಲು ಮುರಿದಿದೆ. ಆಪರೇಷನ್‌ಗೆ ಮುಂಚೆ ಅರ್ಜಿ ದಾಖಲಾಗಬೇಕು.

"ಯಜಮಾನ್ರ ಹೆಸರು ಹೇಳವ್ವ."

"ನಮ್ಮ ಮಗಳು ಗೌರಿ ಅಪ್ಪ ರೀ."

"ಕಾಗದದಾಗ ಹಂಗಿರಂಗಿಲ್ಲ ತಂಗಿ."

"ನಿಮ್ಮ ಮಿಷನ್ನು ಎಲ್ಲಾ ತುಂಬ್ಕಂತೈತಂತಲ್ರಿ! ಅವ್ರನ್ನ ಒಳಗ ಒಯ್ಯೋ ಹೊತ್ತಿನ್ಯಾಗ ನನ್ನ ಬಾಯಾಗ ಹೆಸರು ಹೇಳಿಸಬ್ಯಾಡ್ರಿ." ಅಳು ಕೇಳಿಸುತ್ತದೆ.

ಹೊನ್ನೂರಮ್ಮ ಕೈಬೀಸಿ ವ್ಯಾಸರಾಜರನ್ನು ಕರೆದು, ಇನ್ನೊಂದು ಹೆಡ್‌ಫೋನ್ ಕೊಡುತ್ತಾರೆ. ಅವರು ಕೇಳಿಸಿಕೊಳ್ಳುತ್ತಾರೆ.

"ನಿಯಮ ಅಂತ ಒಂದಿದೆಯಲ್ಲ, ಹೊನ್ನೂರಮ್ಮ?"

"ನಿಯಮದಾಗ ಹೆಸರು ಹೇಳಬೇಕು ಅಂತೈತ್ರಿ ಸಾರ್. ರೆಕಾರ್ಡ್ ಆಗಬೇಕು ಅಂತಿಲ್ಲ. ನಿಮ್ಮ ತಾಯಾರಿಗೆ ಫೋನ್ ಹಚ್ಚಿ, ನಿಮ್ಮ ತಂದೆಯಾರ ಹೆಸರು ಹೇಳಿಸ್ರಿ ನೋಡೂಣು!"

ಪಕ್ಕದ ಕುರ್ಚಿಗಳಲ್ಲಿ ಕಿಸಕ್ಕನೆ ನಗು. ವ್ಯಾಸರಾಜರೂ ನಗುತ್ತಾರೆ. "ನಮ್ಮಮ್ಮನಾ? ಐವತ್ತು ವರ್ಷದಿಂದ ಬರೀ 'ಇವರು'..." ಎಂದವರು ಹೆಡ್‌ಫೋನ್ ಕಳಚಿಡುತ್ತಾರೆ. ತಮ್ಮ ಮೇಜಿಗೆ ಹೋಗಿ ಏನೋ ಟೈಪಿಸುತ್ತಾರೆ. ಹೊನ್ನೂರಮ್ಮನ ಕಂಪ್ಯೂಟರಿನಲ್ಲಿ ಗುಂಡಿ ಮತ್ತೆ ಮೂಡುತ್ತದೆ.

ಒತ್ತುತ್ತಾರೆ. "ಮಿಷನ್ ಕಿವಿ ಮುಚ್ಚೀನವ್ವ. ಈಗ ನಾನೊಬ್ಬಾಕೀನ."

ತಾಯಕ್ಕ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ. ಹೊನ್ನೂರಮ್ಮ ಅಕ್ಷರಕ್ಷರ ಟೈಪಿಸಿ, ಮರೆಯದೆ ಮಾಸ್ಕ್ ತೆಗೆಯುತ್ತಾರೆ. "ಅರ್ಜಿ ಹೋತು. ಜಲ್ದಿ ಅವ್ರ ಹತ್ರ ಹೋಗು."

ವ್ಯಾಸರಾಜರು ತಲೆ ಎತ್ತುವುದಿಲ್ಲ. ಮೆಲ್ಲಗೆ ಹೇಳುತ್ತಾರೆ: "ನಾನೇ ತಪ್ಪು ತಿಳಿದಿದ್ದೆ. ಗುಂಡಿ ನಿಮ್ಮ ಹತ್ತಿರವೇ ಇರಲಿ."