ಸಾಲಾಗಿ ಕೂತ ಹಳದಿ ಚುಕ್ಕೆಗಳು

ನಮ್ಮ ದೊಡ್ಡಮ್ಮನ ಕೆಲಸ ಗಾಯಕ್ಕೆ ಹಾಕುವ ಪಟ್ಟಿ ಮಾಡುವುದು. ಬಟ್ಟೆಯ ಪಟ್ಟಿಯಲ್ಲ, ತುಂಬ ನೀರು ಹಿಡಿದಿಟ್ಟುಕೊಂಡ, ಮುಟ್ಟಿದರೆ ತಣ್ಣಗೆ ಜಾರುವ ಹಾಳೆ. ಅದಕ್ಕೆ ಹೈಡ್ರೋಜೆಲ್ ಎನ್ನುತ್ತಾರೆ. ಅದರೊಳಗೆ ಬೆಳ್ಳಿಯ ನ್ಯಾನೋ ಕಣಗಳಿರುತ್ತವೆ. ಕಣ್ಣಿಗಿರಲಿ, ಶಾಲೆಯಲ್ಲಿ ಇಡುವಂಥ ಸೂಕ್ಷ್ಮದರ್ಶಕಕ್ಕೂ ಅವು ಕಾಣುವುದಿಲ್ಲ. ಜೆಲ್ ಗಾಯವನ್ನು ಹಸಿಯಾಗಿಡುತ್ತದೆ, ಬೆಳ್ಳಿ ಸ್ವಲ್ಪ ಸ್ವಲ್ಪವೇ ಇಳಿದು ಕ್ರಿಮಿಗಳನ್ನು ಕೊಲ್ಲುತ್ತದೆ.

"ಇಷ್ಟು ವರ್ಷದಿಂದ ಜೆಲ್ಲಿ ಮಾಡ್ತಾಳೆ, ಕಟ್ಕೊಂಡ ಗಂಡನಿಗೆ ಒಂದು ಚಮಚ ಕೊಟ್ಟಿಲ್ಲ," ಎಂದು ದೊಡ್ಡಪ್ಪ ಬಂದವರಿಗೆಲ್ಲ ದೂರು ಹೇಳುತ್ತಾರೆ.

"ಮೊದಲು ಎಲ್ಲಾದ್ರೂ ಬಿದ್ದು ಗಾಯ ಮಾಡ್ಕೊಂಡು ಬನ್ನಿ, ಕೊಡ್ತೀನಿ," ಎನ್ನುತ್ತಾರೆ ದೊಡ್ಡಮ್ಮ.

ಅವರ ಲ್ಯಾಬು ಆಸ್ಪತ್ರೆಯ ಹಿಂಭಾಗದಲ್ಲಿ, ಹಾಸಿಗೆ ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿದೆ. ಎರಡು ಗಾಜುಗಳ ನಡುವೆ ದ್ರಾವಣ ಸುರಿದು, ಹಾಳೆ ಗಟ್ಟಿಯಾದ ಮೇಲೆ ಅದನ್ನು ಕಿಟಕಿಗೆ ಹಿಡಿದು ನೋಡುತ್ತಾರೆ. ಒಂದು ಗುಳ್ಳೆ ಕಂಡರೂ ಎಸೆಯುತ್ತಾರೆ. ಬೆಳ್ಳಿಯ ಕಣ ಸೇರಿದ ಹಾಳೆ ಹಳದಿಯಾಗಿರುತ್ತದೆ. ಬೆಳ್ಳಿ ಅಷ್ಟು ಸಣ್ಣದಾದಾಗ ಅದರ ಬಣ್ಣವೇ ಬದಲಾಗುತ್ತದಂತೆ. ಆ ಹಳದಿಯಿಂದ ತೊಂದರೆಯಾದೀತೆಂದು ಲ್ಯಾಬಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ರೋಗಿಗಳಿಗೆ ಹಾಕಿ ನೋಡಲು ಅನುಮತಿ ಸಿಕ್ಕಾಗ ಒಪ್ಪಿಕೊಂಡವರಲ್ಲಿ ಒಬ್ಬ ಬಸ್ ಡ್ರೈವರ್ ಇದ್ದರು. ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಮಾಯದ ಹುಣ್ಣು. ಅದು ಮೂಳೆಗೆ ಇಳಿದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ವಾರ್ಡಿನ ಡಾಕ್ಟರು ಹೇಳಿದ್ದರು. ಬ್ರೇಕ್ ಒತ್ತುವ ಕಾಲು ಅದು.

ಮುಂದಿನ ಸಲ ಅವರು ಬಂದಾಗ ಕಾಲಿನಲ್ಲಿ ಪಟ್ಟಿಯೇ ಇರಲಿಲ್ಲ. ಹುಣ್ಣು ಒಣಗಿ ಬಿರಿದು, ಮೊದಲಿಗಿಂತ ಅಗಲವಾಗಿತ್ತು.

"ನಾನೇ ಕಿತ್ತೆ," ಎಂದರು ಅವರ ಹೆಂಡತಿ. "ಒಳಗೆಲ್ಲ ಕೀವು ತುಂಬ್ಕೊಂಡಿತ್ತು. ಬಿಸಿನೀರಲ್ಲಿ ತೊಳೆದು ಗಾಳಿಗೆ ಬಿಟ್ಟೆ."

"ಅದು ಕೀವಲ್ಲಮ್ಮ, ಔಷಧಿಯ ಬಣ್ಣ," ಎಂದರು ದೊಡ್ಡಮ್ಮ.

"ಮೇಡಂ, ನಿಮ್ಮ ಔಷಧೀನೂ ಹಳದಿ, ಇವರ ಕೀವೂ ಹಳದಿ. ಯಾವುದು ಯಾವುದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ದೊಡ್ಡಮ್ಮ ಡ್ರೈವರಿಗೆ ಮಾಮೂಲಿ ಪಟ್ಟಿ ಕಟ್ಟಿ ಕಳಿಸಿದರು.

ಅಂದು ಊಟಕ್ಕೆ ಕೂತಾಗ ದೊಡ್ಡಪ್ಪ ಸಮಾಧಾನ ಹೇಳಿದರು. "ಬೆಳ್ಳಗಿರೋದೆಲ್ಲ ಹಾಲಲ್ಲ, ಹಳದಿ ಇರೋದೆಲ್ಲ ಕೀವಲ್ಲ. ಹಾಗಂತ ಬೋರ್ಡ್ ಬರೆಸಿ ಹಾಕೇ."

"ಸುಮ್ನಿರಿ. ಕೆಲವು ಸಲ ಅದು ಕೀವೇ ಆಗಿರುತ್ತೆ."

ದೊಡ್ಡಮ್ಮ ಜೆಲ್ಲಿಗೆ ನೀಲಿ ಬಣ್ಣ ಬೆರೆಸಿ ನೋಡಿದರು. ಹಾಳೆ ಹಸಿರಾಯಿತು. ಕೊಳೆತ ಗಾಯದಂತೆ ಕಂಡು ಅದು ಇನ್ನೂ ಕೆಟ್ಟದಾಗಿತ್ತು. "ಮೇಲೊಂದು ಬಿಳಿ ಬಟ್ಟೆ ಅಂಟಿಸಿಬಿಡಿ. ಕಾಣದೇ ಇದ್ರೆ ಕೀಳೋರೂ ಇಲ್ಲ," ಎಂದರು ಡಾಕ್ಟರು. ಎಲ್ಲಕ್ಕಿಂತ ಸುಲಭದ ದಾರಿ ಅದೇ. ಆದರೆ ನಿಜವಾಗಿ ಕೀವಾದರೆ ಅದೂ ಕಾಣುವುದಿಲ್ಲ ಎಂದು ದೊಡ್ಡಮ್ಮ ಒಪ್ಪಲಿಲ್ಲ.

ಕೊನೆಗೆ ಅವರು ಬೆಳ್ಳಿಯನ್ನು ಹಾಳೆಯ ತುಂಬ ಬೆರೆಸುವುದನ್ನೇ ಬಿಟ್ಟರು. ಬರೀ ಜೆಲ್ಲಿನ ತಿಳಿಯಾದ ಹಾಳೆಯಲ್ಲಿ ಸಾಲುಸಾಲು ಕುಳಿಗಳನ್ನು ಮೂಡಿಸಿ, ಅವುಗಳಲ್ಲಿ ಮಾತ್ರ ಬೆಳ್ಳಿಯ ಜೆಲ್ ತುಂಬಿದರು. ಚುಕ್ಕೆಗಳು ದೂರವಾದರೆ ನಡುವೆ ಕ್ರಿಮಿ ಉಳಿಯುತ್ತಿತ್ತು, ತೀರಾ ಹತ್ತಿರವಾದರೆ ಗಾಯ ಕಾಣುತ್ತಿರಲಿಲ್ಲ. ಸರಿಯಾದ ಅಂತರ ಸಿಗುವವರೆಗೆ ಎಷ್ಟೋ ಹಾಳೆಗಳು ಬುಟ್ಟಿಗೆ ಹೋದವು. ಮತ್ತೆ ಅನುಮತಿಗೂ ಕಾಯಬೇಕಾಯಿತು. ಅಷ್ಟರಲ್ಲಿ ಡ್ರೈವರ ಹುಣ್ಣು ಮಾಯಲೂ ಇಲ್ಲ, ಪುಣ್ಯಕ್ಕೆ ಮೂಳೆಗೆ ಇಳಿಯಲೂ ಇಲ್ಲ.

ಹೊಸ ಹಾಳೆ ಹಾಕುವ ದಿನ ಅವರ ಹೆಂಡತಿ ಬಗ್ಗಿ ಬಗ್ಗಿ ನೋಡಿದರು.

"ಕೀವು ಎಲ್ಲಾದ್ರೂ ಇಷ್ಟು ಶಿಸ್ತಾಗಿ ಸಾಲಲ್ಲಿ ಕೂರುತ್ತಾ?" ಎಂದು ನಕ್ಕರು.

"ಇನ್ನು ಕೀಳಲ್ಲ ತಾನೇ?" ಎಂದು ಡ್ರೈವರ್ ಕೇಳಿದರು.

"ನೀವು ಕಾಲು ನೆನೆಸ್ದೇ ಇದ್ರೆ ಸಾಕು. ಮಾತು ಕೇಳೋ ಜನಾನಾ ನೀವು?"

ಆಮೇಲೆ ಹುಣ್ಣು ನಿಧಾನವಾಗಿ ಚಿಕ್ಕದಾಗತೊಡಗಿತು. ಒಂದು ದಿನ ಬೆಳಗ್ಗೆ ಆಕೆ ಲ್ಯಾಬಿಗೇ ಫೋನ್ ಮಾಡಿದರು.

"ಮೇಡಂ, ಚುಕ್ಕೆ ಬಿಟ್ಟು ಬೇರೆ ಕಡೆ ಹಳದಿ ಬಂದಿದೆ. ಒಂದು ಮೂಲೇಲಿ, ಮಬ್ಬಾಗಿ. ಒದ್ದೆ ಶೂ ಹಾಕ್ಕೊಂಡು ಅಂಗಡಿಗೆ ಹೋಗಿದ್ರು ಈ ಮಹಾರಾಯ್ರು. ನಾನು ಏನೂ ಕಿತ್ತಿಲ್ಲ."

"ಕೀಳ್ಬೇಡಿ. ಈಗಲೇ ಕರ್ಕೊಂಡು ಬನ್ನಿ."

ಅದು ನಿಜವಾದ ಕೀವೇ ಆಗಿತ್ತು. ಅಂಚಿನಿಂದ ನೀರು ಒಳಗೆ ಹೋಗಿತ್ತು. ಡಾಕ್ಟರು ಗಾಯವನ್ನು ಶುಚಿಮಾಡಿ, ಮಾತ್ರೆ ಕೊಟ್ಟು, ಕಾಲಿನ ಎಕ್ಸ್‌ರೇ ತೆಗೆಸಿದರು. ದೊಡ್ಡಮ್ಮ ಎಕ್ಸ್‌ರೇ ಬರುವವರೆಗೆ ಕಾರಿಡಾರಿನ ಬೆಂಚಿನ ಮೇಲೆ ಡ್ರೈವರ ಹೆಂಡತಿಯ ಪಕ್ಕ ಕೂತಿದ್ದರು.

ಡಾಕ್ಟರು ಹೊರಗೆ ಬಂದು, "ಮೂಳೆಗೆ ಏನೂ ಆಗಿಲ್ಲ. ಇನ್ನೂ ಸ್ವಲ್ಪ ತಡವಾಗಿದ್ರೆ ಹೇಳೋಕಾಗ್ತಿರಲಿಲ್ಲ. ಬೆರಳು ಉಳೀತು," ಎಂದರು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನ ಶೂ ಎತ್ತಿ ತಮ್ಮ ಚೀಲದೊಳಗೆ ತುರುಕಿದರು. "ಹುಣ್ಣು ಮುಚ್ಚೋ ತನಕ ಇದು ನನ್ನ ಹತ್ರಾನೇ ಇರಲಿ," ಎಂದರು. ದೊಡ್ಡಮ್ಮ ಹೊಸ ಹಾಳೆ ತರಲು ಲ್ಯಾಬಿಗೆ ಹೋದರು.